ಮೈಕೋಫಿನೋಲೇಟ್: ಬೂಷ್ಟು ಹಿಡಿದ ಮೆಕ್ಕೆಜೋಳದಿಂದ ಬಂದ ಮಾತ್ರೆ, ಇದು ಒಳಗೆ ಮಾಡುವುದಾದರೂ ಏನು?

ಗಿರೀಶ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಲೂಪಸ್ (ರೋಗನಿರೋಧಕ ಶಕ್ತಿ ತನ್ನ ಮೈಯನ್ನೇ ಹೊಡೆಯುವ ಕಾಯಿಲೆ) ಇದೆ, ಈಗ ಕಿಡ್ನಿಗೂ ತಗುಲಿದೆ. ಡಾಕ್ಟರು ಸ್ಟೀರಾಯ್ಡ್ ಜೊತೆಗೆ ಮೈಕೋಫಿನೋಲೇಟ್ ಮೊಫೆಟಿಲ್ ಬರೆದುಕೊಟ್ಟಿದ್ದಾರೆ. ಡಬ್ಬಿಯೊಳಗಿನ ಚೀಟಿ ಬಿಡಿಸಿ ಓದಿದರೆ ಬರೀ ಕಿಡ್ನಿ ಕಸಿ, ಹೃದಯ ಕಸಿ, ಲಿವರ್ ಕಸಿ ಅಂತಲೇ ಇದೆ. ಅಮ್ಮನಿಗೆ ಗಾಬರಿ, ಮಗಳಿಗೆ ಕಿಡ್ನಿ ಬದಲಾಯಿಸಬೇಕಾಗುತ್ತೇನೋ ಅಂತ.

ಇದು ಒಂದು ಬೂಷ್ಟಿನಿಂದ ತೆಗೆಯುವ ಔಷಧಿ, ಮೊದಲು ಸಿಕ್ಕಿದ್ದು ಕೆಟ್ಟ ಮೆಕ್ಕೆಜೋಳದಲ್ಲಿ ಅಂತ ಎಲ್ಲೋ ಓದಿದೆ. ನಾವು ಮೆಕ್ಕೆಜೋಳ ಬೆಳೆಯುವ ಕಡೆಯವರು. ಮಳೆಗೆ ಸಿಕ್ಕಿದ ತೆನೆಯನ್ನು ದನಕ್ಕೂ ಹಾಕಲು ಹೆದರುತ್ತೇವೆ. ಅದರಿಂದ ಔಷಧಿ ಹೇಗೆ ಬಂತು? ದೇಹದ ಎಲ್ಲಾ ಕೋಶಗಳನ್ನು ಬಿಟ್ಟು ರೋಗನಿರೋಧಕ ಕೋಶಗಳನ್ನೇ ಇದು ಹೇಗೆ ಹಿಡಿಯುತ್ತದೆ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಡೋಸ್ ಬಗ್ಗೆ ಕೇಳುತ್ತಿಲ್ಲ, ಅದನ್ನು ಡಾಕ್ಟರನ್ನೇ ಕೇಳುತ್ತೇನೆ.

ಸುಮಾ (ಫಾರ್ಮಕಾಲಜಿ ಪಾಠ ಮಾಡುತ್ತೇನೆ)

ಗಿರೀಶ್, ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಚೀಟಿಯಲ್ಲಿ ಕಸಿ ಅಂತ ಇರುವುದು ಈ ಔಷಧಿಗೆ ಮೊದಲು ಅನುಮತಿ ಸಿಕ್ಕಿದ್ದು ಅದಕ್ಕೇ ಆದ್ದರಿಂದ. ಅಮೆರಿಕದಲ್ಲಿ 1995ರ ಮೇ ತಿಂಗಳಲ್ಲಿ ಕಿಡ್ನಿ ಕಸಿಗೆ, 1998ರಲ್ಲಿ ಹೃದಯಕ್ಕೆ, 2000ದಲ್ಲಿ ಲಿವರ್‌ಗೆ ಅನುಮತಿ ಬಂತು. ಲೂಪಸ್‌ಗೆ ಕೊಡುವುದು ಆಮೇಲೆ ರೂಢಿಗೆ ಬಂದದ್ದು. ಆದರೆ ಈಗ ಲೂಪಸ್ ಕಿಡ್ನಿಗೆ ತಟ್ಟಿದಾಗ ಜಗತ್ತಿನೆಲ್ಲೆಡೆ ಮೊದಲ ಸಾಲಿನಲ್ಲಿ ಕೊಡುವ ಔಷಧಿಗಳಲ್ಲಿ ಇದೂ ಒಂದು.

2009ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 370 ಲೂಪಸ್ ರೋಗಿಗಳಿದ್ದರು. ಅರ್ಧ ಜನಕ್ಕೆ ಇದು, ಉಳಿದರ್ಧ ಜನಕ್ಕೆ ಹಳೆಯ ಸೈಕ್ಲೋಫಾಸ್ಫಮೈಡ್ ಇಂಜೆಕ್ಷನ್. ಎರಡರ ಫಲವೂ ಹೆಚ್ಚುಕಡಿಮೆ ಒಂದೇ. ಆದರೆ ಸೈಕ್ಲೋಫಾಸ್ಫಮೈಡ್‌ನಿಂದ ಅಂಡಾಶಯ ಹಾಳಾಗುವ ಭಯ ಇದೆ. ಲೂಪಸ್ ಜಾಸ್ತಿ ಬರುವುದು ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ. ಹಾಗಾಗಿ ಮಾತ್ರೆಯ ಕಡೆಗೆ ಒಲವು ಬೆಳೆಯಿತು. ಅಂದಮಾತ್ರಕ್ಕೆ ಗರ್ಭದ ವಿಷಯದಲ್ಲಿ ಇದು ಸಾಧು ಅಂದುಕೊಳ್ಳಬೇಡಿ. ಅದನ್ನು ಬೇರೆಯಾಗಿಯೇ ಬರೆಯುತ್ತೇನೆ.

ಹಳೇ ಕೆಮಿಸ್ಟ್ರಿ ಮೇಷ್ಟ್ರು

ಮೆಕ್ಕೆಜೋಳದ ಕತೆ ನಾನು ಹೇಳುತ್ತೇನೆ.

ಹತ್ತೊಂಬತ್ತನೇ ಶತಮಾನದ ಕೊನೆ. ಉತ್ತರ ಇಟಲಿಯ ಬಡವರ ಊಟ ಅಂದರೆ ಮೆಕ್ಕೆಜೋಳದ ಹಿಟ್ಟಿನ ಅಂಬಲಿ. ಅದನ್ನೇ ಮೂರು ಹೊತ್ತು ತಿನ್ನುತ್ತಿದ್ದವರಲ್ಲಿ ಪೆಲಾಗ್ರ ಎಂಬ ಕಾಯಿಲೆ ಹರಡಿತ್ತು. ಚರ್ಮ ಸುಟ್ಟಂತಾಗುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ. ಕೆಟ್ಟ ಜೋಳದ ಬೂಷ್ಟಿನಲ್ಲಿರುವ ಯಾವುದೋ ವಿಷವೇ ಕಾರಣ ಅನ್ನುವುದು ಆಗಿನ ಬಲವಾದ ನಂಬಿಕೆ. ಬಾರ್ತೊಲೊಮಿಯೊ ಗೋಸಿಯೊ ಎಂಬ ವೈದ್ಯ ಆ ವಿಷವನ್ನು ಹುಡುಕಲು ಹೊರಟರು. 1893ರಲ್ಲಿ ಜೋಳದ ಮೇಲಿನ ಒಂದು ಪೆನಿಸಿಲಿಯಂ ಬೂಷ್ಟನ್ನು ಬೆಳೆಸಿ, ಅದರ ದ್ರವದಿಂದ ಒಂದು ಆಮ್ಲವನ್ನು ಹರಳುಗಟ್ಟಿಸಿದರು. ಅದು ಆಂಥ್ರಾಕ್ಸ್ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತದೆ ಅನ್ನುವುದನ್ನೂ ನೋಡಿ ಬರೆದಿಟ್ಟರು.

ಫ್ಲೆಮಿಂಗ್ ಪೆನಿಸಿಲಿನ್ ಕಂಡದ್ದು 1928ರಲ್ಲಿ. ಅದಕ್ಕಿಂತ 35 ವರ್ಷ ಮೊದಲೇ, ಅದೇ ಕುಲದ ಬೂಷ್ಟಿನಿಂದ, ಶುದ್ಧ ಹರಳಿನ ರೂಪದಲ್ಲಿ ಬ್ಯಾಕ್ಟೀರಿಯಾ ತಡೆಯುವ ವಸ್ತು ಇವರ ಕೈಯಲ್ಲಿತ್ತು! ನಮ್ಮ ಪಠ್ಯಪುಸ್ತಕಗಳಲ್ಲಿ ಗೋಸಿಯೊ ಹೆಸರು ನಾನು ಕಂಡಿಲ್ಲ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದ ಕೃಷಿ ಇಲಾಖೆಯ ಆಲ್ಸ್‌ಬರ್ಗ್ ಮತ್ತು ಬ್ಲ್ಯಾಕ್ ಕೆಟ್ಟ ಜೋಳವನ್ನೇ ಪರೀಕ್ಷೆ ಮಾಡುತ್ತಾ ಇದನ್ನು ಮತ್ತೆ ಕಂಡರು. ಮೈಕೋಫಿನೋಲಿಕ್ ಆಮ್ಲ ಎಂಬ ಹೆಸರು ಅವರದೇ. 1946ರಲ್ಲಿ ಪೆನಿಸಿಲಿನ್ ಖ್ಯಾತಿಯ ಫ್ಲೋರಿಯವರ ತಂಡ ಇದನ್ನು ಆಂಟಿಬಯೋಟಿಕ್ ಆಗಿ ಪರೀಕ್ಷಿಸಿತು. ಆ ದಾರಿಯಲ್ಲಿ ಇದು ಮುಂದೆ ಹೋಗಲಿಲ್ಲ.

ಬಸವರಾಜ, ರಾಯಚೂರು

ಮೇಷ್ಟ್ರೇ, ಪೆಲಾಗ್ರ ನಮ್ಮ ಕಡೆಗೂ ಹೊಸದಲ್ಲ. ಮೆಕ್ಕೆಜೋಳ ಅಲ್ಲ, ಬಿಳಿಜೋಳ ತಿನ್ನುವ ಬಡವರಲ್ಲಿ ಇತ್ತು. ಹೈದರಾಬಾದಿನ ಪೌಷ್ಟಿಕತೆ ಸಂಸ್ಥೆಯಲ್ಲಿ ಗೋಪಾಲನ್ ಅವರು 1960ರ ಸುಮಾರಿಗೆ ಜೋಳದಲ್ಲಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲ ಜಾಸ್ತಿಯಾದದ್ದೇ ಕಾರಣ ಇರಬಹುದು ಅಂತ ವಾದ ಮಂಡಿಸಿದ್ದರು. ಅಂದರೆ ಗೋಸಿಯೊ ಹುಡುಕಿದ ಬೂಷ್ಟಿನ ವಿಷಕ್ಕೂ ಪೆಲಾಗ್ರಕ್ಕೂ ಸಂಬಂಧವೇ ಇರಲಿಲ್ಲ, ಅಲ್ವಾ?

ಹಳೇ ಕೆಮಿಸ್ಟ್ರಿ ಮೇಷ್ಟ್ರು

ಇರಲಿಲ್ಲ. ಪೆಲಾಗ್ರ ಬರುವುದು ನಿಯಾಸಿನ್ ಎಂಬ ವಿಟಮಿನ್ ಕೊರತೆಯಿಂದ. ಮೆಕ್ಕೆಜೋಳದಲ್ಲಿ ನಿಯಾಸಿನ್ ಇದ್ದರೂ ನಮ್ಮ ಕರುಳಿಗೆ ಸುಲಭವಾಗಿ ಸಿಗದ ರೂಪದಲ್ಲಿ ಇರುತ್ತದೆ. ಮೆಕ್ಸಿಕೋದವರು ಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ ಬಳಸುತ್ತಿದ್ದರು. ಅದರಿಂದ ನಿಯಾಸಿನ್ ಬಿಡುಗಡೆಯಾಗುತ್ತಿತ್ತು. ಯುರೋಪಿನವರು ಜೋಳ ತಂದರು, ಸುಣ್ಣದ ವಿದ್ಯೆ ತರಲಿಲ್ಲ.

ಆದರೆ ಇಲ್ಲೊಂದು ಸ್ವಾರಸ್ಯ ಇದೆ. ನಿಯಾಸಿನ್‌ನಿಂದ ದೇಹ ಎನ್‌ಎಡಿ ಎಂಬ ಅಣುವನ್ನು ಮಾಡಿಕೊಳ್ಳುತ್ತದೆ. ಮೈಕೋಫಿನೋಲಿಕ್ ಆಮ್ಲ ಕೆಲಸ ಮಾಡುವುದು ಒಂದು ಕಿಣ್ವದೊಳಗೆ ಆ ಎನ್‌ಎಡಿ ಕೂರುವ ಜಾಗದಲ್ಲಿ ತಾನು ಕೂತು. ಅದರಲ್ಲೂ ನಿಯಾಸಿನ್‌ನಿಂದ ಬಂದ ಭಾಗ ಎಲ್ಲಿ ಕೂರುತ್ತದೋ ಸರಿಯಾಗಿ ಅಲ್ಲಿ. ಗೋಸಿಯೊ ಹುಡುಕುತ್ತಿದ್ದ ಕಾಯಿಲೆಯ ನಿಜವಾದ ಕಾರಣಕ್ಕೂ ಅವರ ಕೈಗೆ ಸಿಕ್ಕಿದ ವಸ್ತುವಿಗೂ ಒಂದೇ ಅಣುವಿನ ನಂಟು. ಇದು ಬರೀ ಕಾಕತಾಳೀಯ. ಇದರಿಂದ ಯಾವ ಸಿದ್ಧಾಂತವನ್ನೂ ಕಟ್ಟುವ ಹಾಗಿಲ್ಲ. ಆದರೂ ನನಗೆ ಪ್ರತಿ ಸಲ ಓದಿದಾಗಲೂ ಖುಷಿ ಕೊಡುವ ವಿಷಯ.

ಅನುಪಮಾ

ಮೇಷ್ಟ್ರೇ ಆ ಕಿಣ್ವದ ವಿಷಯ ಬಿಡಿಸಿ ಹೇಳಿ. ನಾನು ಬಿಎಸ್ಸಿಯಲ್ಲಿ ಓದಿದ್ದು ಎಲ್ಲಾ ಮರೆತಿದೆ.

ಹಳೇ ಕೆಮಿಸ್ಟ್ರಿ ಮೇಷ್ಟ್ರು

ಅಣುವಿನಿಂದಲೇ ಶುರು ಮಾಡೋಣ. ಮೈಕೋಫಿನೋಲಿಕ್ ಆಮ್ಲದಲ್ಲಿ 17 ಕಾರ್ಬನ್, 20 ಹೈಡ್ರೋಜನ್, 6 ಆಕ್ಸಿಜನ್. ಅಣುತೂಕ 320. ಚಿಕ್ಕ ಅಣುವೇ. ಕಸಿ ಆದವರಿಗೆ ಕೊಡುವ ಇನ್ನೊಂದು ಔಷಧಿ ಸೈಕ್ಲೋಸ್ಪೊರಿನ್‌ನ ಅಣುತೂಕ 1200 ದಾಟುತ್ತದೆ, ಅದರ ಮುಂದೆ ಇದು ಏನೂ ಅಲ್ಲ. ಒಂದು ಬೆಂಜೀನ್ ಉಂಗುರ, ಅದಕ್ಕೆ ಅಂಟಿಕೊಂಡ ಐದು ಮೂಲೆಯ ಲ್ಯಾಕ್ಟೋನ್ ಉಂಗುರ. ಇವೆರಡೂ ಸೇರಿದ್ದಕ್ಕೆ ಥ್ಯಾಲೈಡ್ ಅನ್ನುತ್ತಾರೆ. ಬೆಂಜೀನ್ ಮೇಲೆ ಒಂದು ಮೀಥೈಲ್, ಒಂದು ಮೆಥಾಕ್ಸಿ, ಒಂದು ಹೈಡ್ರಾಕ್ಸಿಲ್. ಹೈಡ್ರಾಕ್ಸಿಲ್ ಪಕ್ಕದಿಂದ ಆರು ಕಾರ್ಬನ್‌ನ ಬಾಲ. ಬಾಲದ ನಡುವೆ ಒಂದು ಜೋಡಿಬಂಧ, ತುದಿಯಲ್ಲಿ ಆಮ್ಲದ ಗುಂಪು.

ಇನ್ನು ಕಿಣ್ವ. ಹೆಸರು ಐಎಂಪಿಡಿಎಚ್. ಡಿಎನ್‌ಎ ಕಟ್ಟಲು ಬೇಕಾದ ಗ್ವಾನಿನ್ ಗುಂಪಿನ ಅಣುಗಳನ್ನು ಹೊಸದಾಗಿ ತಯಾರಿಸುವ ದಾರಿಯಲ್ಲಿ ಇದೇ ಮುಖ್ಯ ಗೇಟು. ಇಲ್ಲಿಗೆ ಐಎಂಪಿ ಎಂಬ ಅಣು ಬಂದು ಕಿಣ್ವದಲ್ಲಿರುವ ಸಿಸ್ಟೀನ್ ಎಂಬ ಅಮೈನೊ ಆಮ್ಲಕ್ಕೆ ಅಂಟಿಕೊಳ್ಳುತ್ತದೆ. ಪಕ್ಕದಲ್ಲಿ ಕೂತ ಎನ್‌ಎಡಿ ಅದರಿಂದ ಒಂದು ಹೈಡ್ರೈಡ್ (ಎರಡು ಎಲೆಕ್ಟ್ರಾನ್ ಹೊತ್ತ ಹೈಡ್ರೋಜನ್) ಕಿತ್ತುಕೊಂಡು ಎದ್ದು ಹೋಗುತ್ತದೆ. ಆ ಖಾಲಿ ಜಾಗದ ಕಡೆಗೆ ಕಿಣ್ವದ ಒಂದು ತುಂಡು ಮಡಚಿ ಬರುತ್ತದೆ. ಆಮೇಲೆ ನೀರಿನ ಅಣು ಬಂದು ಅಂಟನ್ನು ಬಿಡಿಸಬೇಕು.

ಮೈಕೋಫಿನೋಲಿಕ್ ಆಮ್ಲ ನುಗ್ಗುವುದು ಸರಿಯಾಗಿ ಈ ನಡುವೆ. ಎನ್‌ಎಡಿ ಎದ್ದ ಕೂಡಲೇ ಅದು ಬಂದು ಕೂರುತ್ತದೆ. ಮಡಚಿ ಬರಬೇಕಾದ ತುಂಡಿಗೆ ಜಾಗ ಇಲ್ಲ. ಅರ್ಧ ಆದ ಕೆಲಸ ಅಲ್ಲೇ ನಿಂತಿತು. ಕಿಣ್ವ, ಐಎಂಪಿಯ ಅವಶೇಷ, ಔಷಧಿ, ಮೂರೂ ಒಟ್ಟಿಗೆ ಸಿಕ್ಕಿಹಾಕಿಕೊಂಡವು. 1996ರಲ್ಲಿ ಪ್ರಕಟವಾದ ಹರಳಿನ ರಚನೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು.

ಇದರ ಪರಿಣಾಮ ಏನು ಗೊತ್ತಾ? ಮಾಮೂಲಿ ಔಷಧಿಗಳು ಕಿಣ್ವದ ಮೂಲ ವಸ್ತುವಿನ ಜೊತೆ ಜಾಗಕ್ಕೆ ಪೈಪೋಟಿ ಮಾಡುತ್ತವೆ. ಮೂಲ ವಸ್ತು ಜಾಸ್ತಿಯಾದರೆ ಔಷಧಿ ಸೋಲುತ್ತದೆ. ಇಲ್ಲಿ ಹಾಗಿಲ್ಲ. ಐಎಂಪಿ ಜಾಸ್ತಿ ಬಂದಷ್ಟೂ ಅರ್ಧ ಕೆಲಸದ ಕಿಣ್ವಗಳು ಜಾಸ್ತಿ, ಔಷಧಿಗೆ ಸಿಕ್ಕಿಬೀಳುವುದೂ ಜಾಸ್ತಿ.

ಅನುಪಮಾ

ಅರ್ಥ ಆಯಿತು. ಆದರೆ ಡಿಎನ್‌ಎ ಎಲ್ಲಾ ಕೋಶಕ್ಕೂ ಬೇಕಲ್ಲ. ಗಿರೀಶ್ ಕೇಳಿದ ಪ್ರಶ್ನೆ ಹಾಗೇ ಉಳಿಯಿತು.

ಸುಮಾ (ಫಾರ್ಮಕಾಲಜಿ ಪಾಠ ಮಾಡುತ್ತೇನೆ)

ಅದು ನನ್ನ ಪಾಲಿಗೆ ಬಿಡಿ. ಈ ಔಷಧಿಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಅದೇ. ಮಣ್ಣಿನ ಸಾವಿರಾರು ಮಾದರಿ ಪರೀಕ್ಷೆ ಮಾಡಿ, ಅದೃಷ್ಟಕ್ಕೆ ಏನೋ ಸಿಕ್ಕಿ ಬಂದ ಔಷಧಿ ಅಲ್ಲ ಇದು. ಮೊದಲು ತರ್ಕ, ಆಮೇಲೆ ಹಳೇ ಕಪಾಟಿನಿಂದ ಅಣು.

ಆಂಥನಿ ಆಲಿಸನ್ ಅಂತ ಒಬ್ಬರು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಕೀನ್ಯಾದಲ್ಲಿ ಬೆಳೆದವರು. ಕುಡುಗೋಲು ಕಣ ರಕ್ತಹೀನತೆಯ ಒಂದು ಜೀನ್ ಇದ್ದವರಿಗೆ ಮಲೇರಿಯಾದಿಂದ ರಕ್ಷಣೆ ಇದೆ ಅಂತ 1954ರಲ್ಲಿ ತೋರಿಸಿದವರು ಇವರೇ. 1970ರ ದಶಕದಲ್ಲಿ ಲಂಡನ್‌ನಲ್ಲಿದ್ದಾಗ ಅವರು ಮಕ್ಕಳ ಎರಡು ಹುಟ್ಟು ಕಾಯಿಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು.

ಕೋಶಕ್ಕೆ ಪ್ಯೂರಿನ್‌ಗಳು, ಅಂದರೆ ಅಡಿನಿನ್ ಮತ್ತು ಗ್ವಾನಿನ್ ಗುಂಪಿನ ಅಣುಗಳು, ಎರಡು ದಾರಿಯಲ್ಲಿ ಸಿಗುತ್ತವೆ. ಒಂದು, ಮೊದಲಿನಿಂದ ಹೊಸದಾಗಿ ಮಾಡುವುದು. ಇನ್ನೊಂದು, ನಿನ್ನೆ ಉಳಿದ ಅನ್ನಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದ ಹಾಗೆ, ಹಳೆಯ ತುಣುಕುಗಳನ್ನೇ ಮತ್ತೆ ಬಳಸುವುದು. ಲೆಶ್ ನೈಹನ್ ಎಂಬ ಕಾಯಿಲೆಯ ಮಕ್ಕಳಲ್ಲಿ ಈ ಎರಡನೇ ದಾರಿಯ ಕಿಣ್ವವೇ ಇರುವುದಿಲ್ಲ. ಅವರ ಮೆದುಳಿಗೆ ತುಂಬಾ ತೊಂದರೆಯಾಗುತ್ತದೆ. ಆದರೆ ಅವರ ಲಿಂಫೋಸೈಟ್‌ಗಳು, ಅಂದರೆ ರೋಗನಿರೋಧಕ ಕೆಲಸದ ಬಿಳಿ ರಕ್ತಕಣಗಳು, ಹೆಚ್ಚುಕಡಿಮೆ ಸರಿಯಾಗಿಯೇ ಕೆಲಸ ಮಾಡುತ್ತವೆ. ಎಡಿಎ ಎಂಬ ಇನ್ನೊಂದು ಕಿಣ್ವ ಹುಟ್ಟಿನಿಂದಲೇ ಇಲ್ಲದ ಮಕ್ಕಳದು ತಿರುಗುಮುರುಗು. ಅವರಲ್ಲಿ ಹೊಸದಾಗಿ ಮಾಡುವ ದಾರಿಗೆ ಪೆಟ್ಟು ಬೀಳುತ್ತದೆ ಅನ್ನುವುದು ಆಲಿಸನ್ ಲೆಕ್ಕ. ಮೆದುಳು ತಕ್ಕಮಟ್ಟಿಗೆ ಚೆನ್ನಾಗಿರುತ್ತದೆ, ಆದರೆ ಲಿಂಫೋಸೈಟ್‌ಗಳೇ ನಾಶವಾಗಿ ಮಾಮೂಲಿ ಸೋಂಕಿಗೂ ಮಗು ಉಳಿಯುವುದು ಕಷ್ಟ.

ಇದರಿಂದ ಆಲಿಸನ್ ಏನು ತೀರ್ಮಾನಿಸಿದರು? ಲಿಂಫೋಸೈಟ್ ಹೆಚ್ಚಬೇಕಾದರೆ ಹೊಸದಾಗಿ ಮಾಡುವ ದಾರಿಯನ್ನೇ ನೆಚ್ಚಿಕೊಂಡಿರಬೇಕು. ಬೇರೆ ಬಹಳಷ್ಟು ಕೋಶಗಳು ಹಳೆಯದರಲ್ಲೇ ಸುಧಾರಿಸಿಕೊಳ್ಳುತ್ತವೆ. ಹಾಗಾದರೆ ಹೊಸದಾಗಿ ಮಾಡುವ ದಾರಿಯ ಗೇಟು ಮುಚ್ಚಿದರೆ? ಆ ಗೇಟು ಮುಚ್ಚುವ ಅಣು ಯಾವುದಿದೆ ಅಂತ ಹುಡುಕಿದಾಗ ಮೈಕೋಫಿನೋಲಿಕ್ ಆಮ್ಲ ಕಪಾಟಿನಲ್ಲೇ ಇತ್ತು. ಆಮೇಲೆ ಅವರೂ ಅವರ ಹೆಂಡತಿ ಎಲ್ಸಿ ಯೂಗಿಯವರೂ ಕ್ಯಾಲಿಫೋರ್ನಿಯಾದ ಸಿಂಟೆಕ್ಸ್ ಕಂಪನಿಯಲ್ಲಿ ಇದನ್ನು ಔಷಧಿಯಾಗಿ ಬೆಳೆಸಿದರು.

ಇನ್ನೊಂದು ಅನುಕೂಲವೂ ಇತ್ತು. ಐಎಂಪಿಡಿಎಚ್ ಎರಡು ಬಗೆಯದಿದೆ. ಒಂದನೇ ಬಗೆ ಬಹುತೇಕ ಎಲ್ಲಾ ಕೋಶಗಳಲ್ಲೂ ಇರುತ್ತದೆ. ಎರಡನೆಯದು ಲಿಂಫೋಸೈಟ್ ಕೆರಳಿ ವಿಭಜನೆ ಶುರುಮಾಡಿದಾಗ ಜಾಸ್ತಿಯಾಗುತ್ತದೆ. ಔಷಧಿ ಎರಡನೆಯದನ್ನು ಸುಮಾರು ಐದು ಪಟ್ಟು ಬಲವಾಗಿ ತಡೆಯುತ್ತದೆ. ಲಿಂಫೋಸೈಟ್‌ನ ಎರಡು ಬಗೆಗಳಾದ ಟಿ ಕೋಶ, ಬಿ ಕೋಶ ಕೆರಳಿದರೂ ಎರಡೂ ಸಂಖ್ಯೆಯಲ್ಲಿ ಬೆಳೆಯಲಾರವು. ಲೂಪಸ್‌ನಲ್ಲಿ ಕಾಟ ಕೊಡುವ ಪ್ರತಿಕಾಯಗಳು ಬರುವುದು ಬಿ ಕೋಶದ ಕಡೆಯಿಂದ. ಗಿರೀಶ್ ಅವರ ತಂಗಿಗೆ ಇದು ಯಾಕೆ ಅನ್ನುವುದಕ್ಕೆ ಅಲ್ಲೇ ಉತ್ತರ ಇದೆ.

ಪ್ರಯೋಗಾಲಯದಲ್ಲಿ ಈ ಕೋಶಗಳಿಗೆ ಹೊರಗಿನಿಂದ ಗ್ವಾನೋಸಿನ್ (ಗ್ವಾನಿನ್ ಗುಂಪಿನ ಅಣು) ಹಾಕಿದರೆ ಔಷಧಿಯ ಪರಿಣಾಮ ಮಾಯವಾಗುತ್ತದೆ. ಕೊರತೆ ನಿಜವಾಗಿಯೂ ಅದೇ ಅನ್ನುವುದಕ್ಕೆ ಅದು ಸಾಕ್ಷಿ. ಹಾಗೆಯೇ, ಲೆಶ್ ನೈಹನ್ ಇರುವವರಿಗೆ ಈ ಔಷಧಿ ಕೊಡಬಾರದು ಅಂತ ಚೀಟಿಯಲ್ಲಿ ಇವತ್ತಿಗೂ ಬರೆದಿರುತ್ತದೆ. ಗಿರೀಶ್, ಹುಡುಕಿ ನೋಡಿ, ಸಿಗುತ್ತದೆ.

ಗಿರೀಶ್, ದಾವಣಗೆರೆ

ಸಿಕ್ಕಿತು ಮೇಡಂ! ಸಣ್ಣ ಅಕ್ಷರದಲ್ಲಿ ಇದೆ. ಇಷ್ಟು ದಿನ ಅದು ಯಾವ ಕಾಯಿಲೆ ಅಂತಲೇ ಗೊತ್ತಿರಲಿಲ್ಲ.

ಕಸಿ ಆದ ಶೆಟ್ರು, ಕುಂದಾಪುರ

ನಾನು ಕಿಡ್ನಿ ಕಸಿ ಆದವನು. ನನ್ನದೊಂದು ಅನುಭವ. ಮೊದಲು ಸೈಕ್ಲೋಸ್ಪೊರಿನ್ ಜೊತೆ ಮೈಕೋಫಿನೋಲೇಟ್ ತೆಗೆದುಕೊಳ್ಳುತ್ತಿದ್ದೆ, ಹೊಟ್ಟೆ ಸರಿಯಾಗಿತ್ತು. ವಸಡು ಊದಿಕೊಂಡಿತು, ಮೈಮೇಲೆ ಕೂದಲು ಜಾಸ್ತಿಯಾಯಿತು ಅಂತ ಸೈಕ್ಲೋಸ್ಪೊರಿನ್ ಬಿಡಿಸಿ ಟ್ಯಾಕ್ರೊಲಿಮಸ್ ಕೊಟ್ಟರು. ಮೈಕೋಫಿನೋಲೇಟ್ ಅಷ್ಟೇ ಇತ್ತು. ಆದರೂ ಭೇದಿ ಶುರುವಾಯಿತು. ಹೊಸ ಮಾತ್ರೆಯ ತಪ್ಪು ಅಂದುಕೊಂಡೆ. ಡಾಕ್ಟರು ಮೈಕೋಫಿನೋಲೇಟ್ ಕಡಿಮೆ ಮಾಡಿದರು, ಭೇದಿ ನಿಂತಿತು. ಮುಟ್ಟದೇ ಇದ್ದ ಮಾತ್ರೆ ಹೇಗೆ ಜಾಸ್ತಿಯಾಯಿತು ಅನ್ನುವುದು ನನಗೆ ಇನ್ನೂ ಬಗೆಹರಿದಿಲ್ಲ.

ಸುಮಾ (ಫಾರ್ಮಕಾಲಜಿ ಪಾಠ ಮಾಡುತ್ತೇನೆ)

ಶೆಟ್ರೇ, ಒಳ್ಳೇ ಪ್ರಶ್ನೆ. ಭೇದಿಗೆ ಟ್ಯಾಕ್ರೊಲಿಮಸ್ ಕೂಡ ತನ್ನ ಪಾಲು ಸೇರಿಸಬಹುದು, ಅದು ಬೇರೆ ಮಾತು. ಆದರೆ ಮುಟ್ಟದ ಮಾತ್ರೆ ರಕ್ತದಲ್ಲಿ ಜಾಸ್ತಿಯಾಗುವುದು ನಿಜ. ಯಾಕೆ ಅಂತ ತಿಳಿಯಬೇಕಾದರೆ ಈ ಔಷಧಿ ಹೊಟ್ಟೆಯಲ್ಲಿ ಎರಡು ಸುತ್ತು ಹೊಡೆಯುವುದನ್ನು ನೋಡಬೇಕು.

ನುಂಗಿದ ಮೈಕೋಫಿನೋಲೇಟ್ ಮೊಫೆಟಿಲ್ ಕೂಡಲೇ ಒಡೆದು ಮೈಕೋಫಿನೋಲಿಕ್ ಆಮ್ಲ ಆಗುತ್ತದೆ. ರಕ್ತದಲ್ಲಿ ಅದರ 97 ಶೇಕಡ ಆಲ್ಬುಮಿನ್ ಎಂಬ ಪ್ರೋಟೀನ್‌ಗೆ ಅಂಟಿಕೊಂಡಿರುತ್ತದೆ. ಲಿವರ್‌ನಲ್ಲಿ, ಸ್ವಲ್ಪಮಟ್ಟಿಗೆ ಕಿಡ್ನಿ ಮತ್ತು ಕರುಳಲ್ಲೂ, ಅದಕ್ಕೆ ಗ್ಲುಕುರೋನಿಕ್ ಆಮ್ಲ ಎಂಬ ಸಕ್ಕರೆಯ ಜಾತಿಯ ತುಣುಕೊಂದನ್ನು ಅಂಟಿಸಲಾಗುತ್ತದೆ. ಆಗ ಅದು ನಿಷ್ಕ್ರಿಯ. ಕೊನೆಗೆ ಮೂತ್ರದಲ್ಲಿ ಹೊರಗೆ ಹೋಗುವುದು ಬಹುಪಾಲು ಈ ರೂಪದಲ್ಲೇ.

ಆದರೆ ಎಲ್ಲವೂ ನೇರವಾಗಿ ಹೊರಗೆ ಹೋಗುವುದಿಲ್ಲ. ಒಂದಿಷ್ಟು ಪಿತ್ತರಸದ ಜೊತೆ ಮತ್ತೆ ಕರುಳಿಗೆ ಬರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಆ ತುಣುಕನ್ನು ಕತ್ತರಿಸುತ್ತವೆ. ಔಷಧಿ ಮತ್ತೆ ಜೀವಂತ, ಮತ್ತೆ ರಕ್ತಕ್ಕೆ. ಅದಕ್ಕೇ ಮಾತ್ರೆ ತೆಗೆದುಕೊಂಡು 6ರಿಂದ 12 ಗಂಟೆ ಕಳೆದ ಮೇಲೆ ರಕ್ತದಲ್ಲಿ ಎರಡನೇ ಏರಿಕೆ ಕಾಣುತ್ತದೆ.

ತುಣುಕು ಅಂಟಿದ ಆ ರೂಪವನ್ನು, ಅಂದರೆ ಗ್ಲುಕುರೋನೈಡ್ ಅನ್ನು, ಲಿವರ್‌ನಿಂದ ಪಿತ್ತರಸಕ್ಕೆ ದಾಟಿಸುವುದು ಎಂಆರ್‌ಪಿ2 ಎಂಬ ಪ್ರೋಟೀನ್. ಸೈಕ್ಲೋಸ್ಪೊರಿನ್ ಈ ದಾರಿಯನ್ನು ಅಡ್ಡಗಟ್ಟುತ್ತದೆ. ಟ್ಯಾಕ್ರೊಲಿಮಸ್ ಹಾಗೆ ಮಾಡುವುದಿಲ್ಲ. ನಿಮಗೆ ಸೈಕ್ಲೋಸ್ಪೊರಿನ್ ಇದ್ದಾಗ ಎರಡನೇ ಸುತ್ತು ಅರ್ಧಂಬರ್ಧ ಮುಚ್ಚಿತ್ತು. ಅದನ್ನು ಬಿಟ್ಟ ಕೂಡಲೇ ಸುತ್ತು ತೆರೆಯಿತು. ಮಾತ್ರೆ ಅಷ್ಟೇ, ರಕ್ತದಲ್ಲಿ ಔಷಧಿ ಜಾಸ್ತಿ. ಕರುಳಿನ ಒಳಪದರದ ಕೋಶಗಳೂ ಬೇಗ ಬೇಗ ವಿಭಜನೆ ಆಗುವಂಥವೇ. ಅವಕ್ಕೂ ಪೆಟ್ಟು ಬೀಳುತ್ತದೆ.

ಇದೇ ಕಾರಣಕ್ಕೆ ಇನ್ನೊಂದು ಎಚ್ಚರಿಕೆ. ಜ್ವರ, ಕೆಮ್ಮು ಅಂತ ಮೆಡಿಕಲ್ ಶಾಪಿಗೆ ಹೋಗಿ ಕೇಳಿ ಆಂಟಿಬಯೋಟಿಕ್ ನುಂಗುವುದು ನಮ್ಮಲ್ಲಿ ಮಾಮೂಲು. ಅಮಾಕ್ಸಿಸಿಲಿನ್ ಕ್ಲಾವುಲನೇಟ್ ಅಥವಾ ಸಿಪ್ರೊಫ್ಲಾಕ್ಸಸಿನ್ ಕರುಳಿನ ಬ್ಯಾಕ್ಟೀರಿಯಾಗಳನ್ನು ಕೊಂದರೆ ಆ ತುಣುಕು ಕತ್ತರಿಸುವವರೇ ಇರುವುದಿಲ್ಲ. ಮುಂದಿನ ಮಾತ್ರೆಗೆ ಮೊದಲು ಅಳೆಯುವ ಮಟ್ಟ ಕೆಲವು ದಿನದ ಮಟ್ಟಿಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕೊಲೆಸ್ಟ್ರಾಲ್‌ಗೆ ಕೊಡುವ ಕೊಲೆಸ್ಟಿರಮೈನ್ ಪುಡಿ ಪಿತ್ತರಸದ ವಸ್ತುಗಳನ್ನು ಕರುಳಲ್ಲೇ ಹಿಡಿದಿಟ್ಟುಕೊಂಡು ಒಟ್ಟು ಪ್ರಮಾಣವನ್ನು ಸುಮಾರು 40 ಶೇಕಡ ಇಳಿಸುತ್ತದೆ.

ಕಸಿ ಆದ ಶೆಟ್ರು, ಕುಂದಾಪುರ

ಈಗ ಬಗೆಹರಿಯಿತು ಮಾರಾಯ್ರೇ. ಈ ಸೈಕ್ಲೋಸ್ಪೊರಿನ್, ಟ್ಯಾಕ್ರೊಲಿಮಸ್, ಮೈಕೋಫಿನೋಲೇಟ್ ಮೂರೂ ಬೂಷ್ಟಿನದೇ ಅಂತ ವಾರ್ಡಿನಲ್ಲಿ ಯಾರೋ ಹೇಳಿದ್ದರು.

ಬೊಮ್ಮಸಂದ್ರ ರವಿ

ಮೂರರಲ್ಲಿ ಎರಡು ಮಾತ್ರ. ಸೈಕ್ಲೋಸ್ಪೊರಿನ್ ಟೋಲಿಪೊಕ್ಲಾಡಿಯಂ ಎಂಬ ಶಿಲೀಂಧ್ರದ್ದು, ಆ ಮಣ್ಣು ನಾರ್ವೆಯಿಂದ ಬಂದದ್ದು. ಟ್ಯಾಕ್ರೊಲಿಮಸ್ ಜಪಾನಿನ ತ್ಸುಕುಬಾ ಬೆಟ್ಟದ ಮಣ್ಣಿನ ಸ್ಟ್ರೆಪ್ಟೊಮೈಸಿಸ್. ಅದು ಬ್ಯಾಕ್ಟೀರಿಯಾ.

ನಾನು ಫರ್ಮೆಂಟೇಶನ್ ಪ್ಲಾಂಟಿನಲ್ಲಿ ಕೆಲಸ ಮಾಡಿದವನು, ಅದಕ್ಕೇ ಈ ಮಾತು. ಮೈಕೋಫಿನೋಲಿಕ್ ಆಮ್ಲವನ್ನು ಕಾರ್ಖಾನೆಯಲ್ಲಿ ಇವತ್ತಿಗೂ ಪೆನಿಸಿಲಿಯಂ ಬ್ರೆವಿಕಾಂಪ್ಯಾಕ್ಟಂ ಬೂಷ್ಟನ್ನು ಬೆಳೆಸಿಯೇ ತೆಗೆಯುತ್ತಾರೆ. ರಾಸಾಯನಿಕವಾಗಿ ಕಟ್ಟಬಹುದು, ಆದರೆ ಬೂಷ್ಟಿನಷ್ಟು ಅಗ್ಗಕ್ಕೆ ಆಗುವುದಿಲ್ಲ. ಬೆಂಗಳೂರಿನ ಬಯೋಕಾನ್ ಇದನ್ನೂ ಟ್ಯಾಕ್ರೊಲಿಮಸ್‌ನೂ ತಯಾರಿಸಿ ಹೊರದೇಶಗಳಿಗೆ ಕಳಿಸುತ್ತದೆ. ಅಮೆರಿಕದವರು ನುಂಗುವ ಮಾತ್ರೆಯ ಪುಡಿ ಹೊಸೂರು ರಸ್ತೆಯಿಂದ ಹೋಗಿರುವ ಸಾಧ್ಯತೆ ಉಂಟು.

ನನ್ನನ್ನು ಕಾಡುತ್ತಿದ್ದ ಪ್ರಶ್ನೆ ಬೇರೆ. ಐಎಂಪಿಡಿಎಚ್ ಬೂಷ್ಟಿಗೂ ಬೇಕಲ್ಲ? ತಾನು ಮಾಡಿದ ವಿಷಕ್ಕೆ ತಾನೇ ಯಾಕೆ ಸಾಯುವುದಿಲ್ಲ? 2011ರಲ್ಲಿ ಡೆನ್ಮಾರ್ಕಿನವರು ಇದರ ಜೀನ್‌ಗಳ ಗುಂಪನ್ನು ಪತ್ತೆಮಾಡಿದಾಗ ಉತ್ತರ ಸಿಕ್ಕಿತು. ಆಮ್ಲ ತಯಾರಿಸುವ ಜೀನ್‌ಗಳ ಮಧ್ಯೆಯೇ ಐಎಂಪಿಡಿಎಚ್‌ನ ಇನ್ನೊಂದು ಪ್ರತಿ ಇದೆ. ಮೈಕೋಫಿನೋಲಿಕ್ ಆಮ್ಲಕ್ಕೆ ಸುಲಭವಾಗಿ ಬಗ್ಗದ ಪ್ರತಿ ಅದು. ಈ ಜೀನನ್ನು ಬೇರೊಂದು ಬೂಷ್ಟಿಗೆ ಹಾಕಿದರೆ ಅದಕ್ಕೂ ತಡೆದುಕೊಳ್ಳುವ ಶಕ್ತಿ ಬರುತ್ತದೆ.

ಆಮ್ಲ ಕಟ್ಟುವ ರೀತಿಯೂ ಚೆಂದ. ಮೊದಲು ಬೆಂಜೀನ್ ಉಂಗುರದ ಭಾಗ ತಯಾರು. ಅದಕ್ಕೆ 15 ಕಾರ್ಬನ್‌ನ ಫಾರ್ನೆಸಿಲ್ ಎಂಬ ಉದ್ದ ಬಾಲ ಜೋಡಣೆ. ಆಮೇಲೆ ಆ ಬಾಲವನ್ನು ಕತ್ತರಿಸಿ, ಕಡೆಗೆ ಉಂಗುರದಿಂದ ತುದಿಯವರೆಗೆ 6 ಕಾರ್ಬನ್‌ನ ಸರಪಳಿ ಮಾತ್ರ ಉಳಿಸಿಕೊಳ್ಳುವುದು. ಇಷ್ಟು ಉದ್ದ ಜೋಡಿಸಿ ಕತ್ತರಿಸುವ ಬದಲು ಮೊದಲೇ ಚಿಕ್ಕದು ಹಾಕಬಾರದಿತ್ತೇ ಅಂತ ನಮ್ಮ ಪ್ಲಾಂಟಿನ ಮ್ಯಾನೇಜರ್ ಆದರೆ ಕೇಳುತ್ತಿದ್ದರು.

ಪ್ರಕೃತಿಪ್ರಿಯ

ಅಂದರೆ ಇದೂ ನೈಸರ್ಗಿಕವೇ ಆಯಿತು. ಹಾಗಿದ್ದಮೇಲೆ ಜೊತೆಗೆ ಅಮೃತಬಳ್ಳಿ ಕಷಾಯ ಕುಡಿದರೆ ಇಮ್ಯೂನಿಟಿ ಸಮತೋಲನಕ್ಕೆ ಬರುವುದಿಲ್ಲವೇ? ಕೊರೋನಾ ಟೈಮಿನಲ್ಲಿ ಎಲ್ಲರೂ ಕುಡಿದೆವು.

ಸುಮಾ (ಫಾರ್ಮಕಾಲಜಿ ಪಾಠ ಮಾಡುತ್ತೇನೆ)

ದಯವಿಟ್ಟು ಬೇಡ. ಒಂದು ಕೈಯಲ್ಲಿ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಮಾತ್ರೆ, ಇನ್ನೊಂದು ಕೈಯಲ್ಲಿ ಕೆರಳಿಸುವ ಕಷಾಯ. ಲೂಪಸ್ ಅಂದರೇನೇ ಆ ಶಕ್ತಿ ತನ್ನ ಮೈಯನ್ನೇ ಹೊಡೆಯುವುದು. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ತೆಗೆದುಕೊಂಡು ಲಿವರ್‌ಗೆ ಏಟು ಬಿದ್ದವರ ಬಗ್ಗೆ ವರದಿ ಮಾಡಿದ್ದಾರೆ. ಅವರಲ್ಲಿ ಕೆಲವರಿಗೆ ಅದು ಒಳಗೆ ಮಲಗಿದ್ದ ಆಟೋಇಮ್ಯೂನ್ ಕಾಯಿಲೆಯನ್ನು ಎಬ್ಬಿಸಿದಂತಿತ್ತು. ಇನ್ನು ನೈಸರ್ಗಿಕ ಅನ್ನುವ ಮಾತು. ಬೂಷ್ಟು ಇದನ್ನು ಮಾಡಿದ್ದು ನಮಗೆ ಒಳ್ಳೆಯದಾಗಲಿ ಅಂತ ಅಲ್ಲ.

ಹಳೇ ಕೆಮಿಸ್ಟ್ರಿ ಮೇಷ್ಟ್ರು

ಹಾಹಾ. ಸರಿಯಾಗಿ ಹೇಳಿದಿರಿ.

ವಿದ್ಯಾ, ನ್ಯೂಜೆರ್ಸಿ

ಇಲ್ಲಿನ ನೀಲಿ ಬೂಷ್ಟಿನ ಚೀಸ್‌ನಲ್ಲೂ ಮೈಕೋಫಿನೋಲಿಕ್ ಆಮ್ಲ ಇರುತ್ತದೆ ಅಂತ ಕೇಳಿದ್ದೇನೆ. ನನ್ನ ಅತ್ತೆಗೆ ಕಿಡ್ನಿ ಕಸಿ ಆಗಿದೆ. ಆ ಚೀಸ್ ತಿನ್ನಬಾರದು ಅಂತ ಡಯಟಿಷಿಯನ್ ಹೇಳಿದರು. ಡೋಸ್ ಜಾಸ್ತಿಯಾಗುತ್ತದೆ ಅಂತಲಾ?

ಬೊಮ್ಮಸಂದ್ರ ರವಿ

ಆ ಚೀಸಿನ ಬೂಷ್ಟು ಪೆನಿಸಿಲಿಯಂ ರೋಕ್‌ಫೋರ್ಟಿ. ಅದರ ಕೆಲವು ತಳಿಗಳು ಈ ಆಮ್ಲ ಮಾಡುವುದು ನಿಜ. ಆದರೆ ಪ್ರಮಾಣ ತುಂಬಾ ಕಡಿಮೆ. ದಿನಕ್ಕೆ 2 ಗ್ರಾಂ ಔಷಧಿ ನುಂಗುವವರಿಗೆ ಅದು ಲೆಕ್ಕಕ್ಕೇ ಇಲ್ಲ. ಬೇಡ ಅನ್ನುವುದು ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಭಯಕ್ಕೆ. ರೋಗನಿರೋಧಕ ಶಕ್ತಿ ಕಡಿಮೆ ಇದ್ದವರಿಗೆ ಅದು ಮೆದುಳಿನ ಪೊರೆವರೆಗೂ ಹೋಗಬಹುದು. ನಿಮ್ಮ ಅತ್ತೆ ಅದನ್ನು ತಿನ್ನದಿರುವುದೇ ಸರಿ.

ಗಿರೀಶ್, ದಾವಣಗೆರೆ

ಎಲ್ಲರಿಗೂ ಧನ್ಯವಾದ. ಸುಮಾ ಮೇಡಂ, ಗರ್ಭದ ವಿಷಯ ಬೇರೆಯಾಗಿ ಬರೆಯುತ್ತೇನೆ ಅಂದಿದ್ದಿರಿ. ತಂಗಿಗೆ ಮದುವೆ ಮಾತುಕತೆ ನಡೆಯುತ್ತಿದೆ. ಮನೆಯಲ್ಲಿ ಈ ವಿಷಯ ಎತ್ತಲು ಎಲ್ಲರಿಗೂ ಮುಜುಗರ.

ಸುಮಾ (ಫಾರ್ಮಕಾಲಜಿ ಪಾಠ ಮಾಡುತ್ತೇನೆ)

ಮುಜುಗರ ಪಕ್ಕಕ್ಕಿಡಿ. ಇದು ಮದುವೆಗೆ ಮೊದಲೇ ಮಾತಾಡಬೇಕಾದ ವಿಷಯ.

ಹೊಸದಾಗಿ ಡಿಎನ್‌ಎ ಕಟ್ಟುತ್ತಾ ವೇಗವಾಗಿ ಬೆಳೆಯುವುದು ಲಿಂಫೋಸೈಟ್ ಒಂದೇ ಅಲ್ಲ. ಭ್ರೂಣವೂ ಹಾಗೇ. ಯುರೋಪಿನ ಔಷಧ ಸಂಸ್ಥೆ 2015ರಲ್ಲಿ ಕೊಟ್ಟ ಎಚ್ಚರಿಕೆ ಪ್ರಕಾರ, ಗರ್ಭಿಣಿಯರು ಇದನ್ನು ತೆಗೆದುಕೊಂಡಾಗ 45ರಿಂದ 49 ಶೇಕಡ ಗರ್ಭಪಾತ ಆಗಿದೆ. ಹುಟ್ಟಿದ ಮಕ್ಕಳಲ್ಲಿ 23ರಿಂದ 27 ಶೇಕಡಕ್ಕೆ ಅಂಗದೋಷ ಇತ್ತು. ಕಿವಿ ಸರಿಯಾಗಿ ಮೂಡದಿರುವುದು, ಸೀಳು ತುಟಿ, ಸೀಳು ಅಂಗುಳ, ಹೃದಯದ ದೋಷ, ಇಂಥವು. ಅಮೆರಿಕದಲ್ಲಿ 2012ರಲ್ಲಿ ಇದಕ್ಕೇ ವಿಶೇಷ ಸುರಕ್ಷತಾ ಕಾರ್ಯಕ್ರಮ ಶುರು ಮಾಡಿದ್ದರು.

ಹಾಗಂತ ಲೂಪಸ್ ಇದ್ದವರು ಮಕ್ಕಳೇ ಮಾಡಿಕೊಳ್ಳಬಾರದು ಅಂತಲ್ಲ. ಕಾಯಿಲೆ ಹತೋಟಿಗೆ ಬಂದ ಮೇಲೆ ಡಾಕ್ಟರು ಇದನ್ನು ನಿಲ್ಲಿಸಿ ಅಜಾಥಯೊಪ್ರಿನ್‌ಗೆ ಬದಲಾಯಿಸುತ್ತಾರೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಮುಂದುವರಿಸುತ್ತಾರೆ. ಗರ್ಭ ಧರಿಸಲು ಪ್ರಯತ್ನಿಸುವುದಕ್ಕೆ ಕನಿಷ್ಠ 6 ವಾರ ಮೊದಲೇ ಮೈಕೋಫಿನೋಲೇಟ್ ನಿಂತಿರಬೇಕು. ಅಲ್ಲಿಯವರೆಗೆ ನಂಬುವಂಥ ಗರ್ಭನಿರೋಧಕ ಬೇಕು. ಯಾವುದು ಅನ್ನುವುದನ್ನು ಡಾಕ್ಟರ ಹತ್ತಿರವೇ ಕೇಳಲಿ, ಲೂಪಸ್ ಇದ್ದವರಿಗೆ ಎಲ್ಲಾ ಬಗೆಯೂ ಹೊಂದುವುದಿಲ್ಲ. ಗೊತ್ತಿಲ್ಲದೆ ಗರ್ಭ ನಿಂತರೆ ಕೂಡಲೇ ಡಾಕ್ಟರಿಗೆ ಫೋನ್ ಮಾಡಬೇಕು. ತಾವಾಗಿಯೇ ಎಲ್ಲಾ ಮಾತ್ರೆ ನಿಲ್ಲಿಸಿ ಕೂರಬಾರದು. ಮಾತ್ರೆಯನ್ನು ಪುಡಿ ಮಾಡಬೇಡಿ. ಮನೆಯಲ್ಲಿ ಗರ್ಭಿಣಿಯರಿದ್ದರೆ ಆ ಪುಡಿ ಅವರ ಕೈಗೆ, ಉಸಿರಿಗೆ ಸೋಕಬಾರದು.

ಅನುಪಮಾ

ನನ್ನ ಪರಿಚಯದವರಿಗೆ 500 ಮಿಲಿಗ್ರಾಂ ಇದ್ದದ್ದನ್ನು ಬದಲಿಸಿ 360 ಅಂತ ಬರೆದುಕೊಟ್ಟರು. ಡೋಸ್ ಇಳಿಸಿದರು ಅಂತ ಖುಷಿಪಟ್ಟರು. ಅದು ನಿಜವಾ?

ಹಳೇ ಕೆಮಿಸ್ಟ್ರಿ ಮೇಷ್ಟ್ರು

ಲೆಕ್ಕ ಹಾಕೋಣ. ಮೊಫೆಟಿಲ್ ಅನ್ನುವುದು ಆಮ್ಲದ ತುದಿಗೆ ಮಾರ್ಫೊಲಿನ್ ಉಂಗುರ ಇರುವ ಒಂದು ಬಾಲ ಹಚ್ಚಿ ಮಾಡಿದ ಎಸ್ಟರ್. ಸುಮ್ನೆ ಆಮ್ಲ ಕೊಡುವುದಕ್ಕಿಂತ ಹೀಗೆ ಕೊಟ್ಟರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಅದರ ಅಣುತೂಕ 433.5. ಅದರಲ್ಲಿ ಆಮ್ಲದ ಪಾಲು 320. ಅಂದರೆ 500 ಮಿಲಿಗ್ರಾಂ ಮೊಫೆಟಿಲ್‌ನಲ್ಲಿ ಆಮ್ಲ ಸುಮಾರು 369 ಮಿಲಿಗ್ರಾಂ. 360 ಎಂದು ಬರೆದಿರುವುದು ಮೈಕೋಫಿನೋಲೇಟ್ ಸೋಡಿಯಂ ಮಾತ್ರೆ, ಅದರ ಮೇಲೆ ನಮೂದಿಸುವುದೇ ಆಮ್ಲದ ತೂಕ. ಹಾಗಾಗಿ ಎರಡೂ ಹೆಚ್ಚುಕಡಿಮೆ ಒಂದೇ. ಡೋಸ್ ಏನೂ ಇಳಿದಿಲ್ಲ.

ಸುಮಾ (ಫಾರ್ಮಕಾಲಜಿ ಪಾಠ ಮಾಡುತ್ತೇನೆ)

ವ್ಯತ್ಯಾಸ ಇರುವುದು ಮಾತ್ರೆಯ ಕೋಟಿಂಗ್‌ನಲ್ಲಿ. ಸೋಡಿಯಂ ಮಾತ್ರೆ ಜಠರದಲ್ಲಿ ಕರಗುವುದಿಲ್ಲ, ಸಣ್ಣ ಕರುಳಿಗೆ ಹೋಗಿ ಕರಗುತ್ತದೆ. ಇದಕ್ಕೊಂದು ಉಪಯೋಗ ಇದೆ. ನಮ್ಮಲ್ಲಿ ಯಾವ ಮಾತ್ರೆ ಬರೆದರೂ ಜೊತೆಗೊಂದು ಗ್ಯಾಸ್ಟ್ರಿಕ್ ಮಾತ್ರೆ ಇದ್ದೇ ಇರುತ್ತದೆ. ಪ್ಯಾಂಟೊಪ್ರಜೋಲ್‌ನಂಥವು ಜಠರದ ಆಮ್ಲ ಇಳಿಸಿದಾಗ ಮೊಫೆಟಿಲ್ ಸರಿಯಾಗಿ ಕರಗದೆ ರಕ್ತಕ್ಕೆ ಸೇರುವ ಪ್ರಮಾಣ ಕಡಿಮೆಯಾಗುತ್ತದೆ. ಸೋಡಿಯಂ ಮಾತ್ರೆಗೆ ಆ ತೊಂದರೆ ಇಲ್ಲ. ಮೆಗ್ನೀಸಿಯಂ, ಅಲ್ಯೂಮಿನಿಯಂ ಇರುವ ಆಂಟಾಸಿಡ್ ಸಿರಪ್ ಮಾತ್ರ ಎರಡರ ಜೊತೆಗೂ ಒಟ್ಟಿಗೆ ಬೇಡ. ಮತ್ತೆ, ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಾಯಿಸುವುದು ಡಾಕ್ಟರ ಕೆಲಸ, ಮೆಡಿಕಲ್ ಶಾಪಿನವರದ್ದಲ್ಲ.

ಗಿರೀಶ್, ದಾವಣಗೆರೆ

ಕೊನೇ ಪ್ರಶ್ನೆ ಮೇಡಂ. ಫ್ಲೂ ಲಸಿಕೆ ಹಾಕಿಸಬಹುದಾ? ಪಕ್ಕದ ಮನೆಯವರು ಲಸಿಕೆಯೇ ಬೇಡ ಅಂತ ಹೆದರಿಸಿದ್ದಾರೆ.

ಸುಮಾ (ಫಾರ್ಮಕಾಲಜಿ ಪಾಠ ಮಾಡುತ್ತೇನೆ)

ಜೀವಂತ ವೈರಸ್ ಇರುವ ಲಸಿಕೆ ಬೇಡ. ದಡಾರ, ಸೀತಾಳೆ ಸಿಡುಬು ಅಂದರೆ ಚಿಕನ್‌ಪಾಕ್ಸ್ ಲಸಿಕೆ, ಮೂಗಿಗೆ ಹಾಕುವ ಫ್ಲೂ ಲಸಿಕೆ ಆ ಗುಂಪಿನವು. ತೋಳಿಗೆ ಚುಚ್ಚುವ ಫ್ಲೂ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ. ನ್ಯುಮೋಕಾಕಸ್ ಲಸಿಕೆಯೂ ಹಾಗೆಯೇ. ಎರಡನ್ನೂ ಹಾಕಿಸಬಹುದು, ಹಾಕಿಸಲೇಬೇಕು ಅನ್ನುತ್ತೇನೆ. ಬಿ ಕೋಶಗಳು ಕುಗ್ಗಿರುವುದರಿಂದ ಪ್ರತಿಕಾಯ ಸ್ವಲ್ಪ ಕಡಿಮೆ ಹುಟ್ಟುತ್ತದೆ, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ. ಮುಂದಿನ ಸಲ ಬಿಳಿ ರಕ್ತಕಣದ ಎಣಿಕೆಗೆ ರಕ್ತ ಕೊಡಲು ಹೋದಾಗಲೇ ಡಾಕ್ಟರನ್ನು ಕೇಳಿ ಹಾಕಿಸಿಬಿಡಿ.